ಹಳೆಯ ಮೋಟಾರು ಗಾಡಿಯ ಮುಂಗಾಲು

ಬಹುಕಾಲ ದುಡಿದ ಎತ್ತನ್ನು ಮಾರಲು ಒಕ್ಕಲಿಗನಿಗೆ ಮನಸ್ಸು ಬಾರದು. ತಂದೆಯ ಕಾಲದಿಂದ ಮನೆಯ ಮುಂದೆ ನಿಂತಿರುವ ಅಂಬಾಸಡರ್ ಗಾಡಿಯ ವಿಷಯದಲ್ಲಿಯೂ ಅನೇಕ ಗೃಹಸ್ಥರ ಸ್ಥಿತಿ ಹೀಗೆಯೇ ಉಂಟು. ಅದನ್ನು ಪ್ರೀತಿಯಿಂದ ಇಟ್ಟುಕೊಳ್ಳುವುದು ತಪ್ಪಲ್ಲ. ಆದರೆ ಮಡದಿಮಕ್ಕಳನ್ನು ಕೂರಿಸಿಕೊಂಡು ಹೊರಡತಕ್ಕ ಗಾಡಿಯ ಮುಂಗಾಲು ಗಟ್ಟಿಯಾಗಿರಬೇಕು. ಎಂಜಿನು ಕೆಟ್ಟರೆ ಗಾಡಿ ದಾರಿಯಲ್ಲಿ ನಿಂತೀತು. ಮುಂದಿನ ಚಕ್ರದ ಕೀಲು ಕಳಚಿದರೆ ಪ್ರಾಣಕ್ಕೇ ಸಂಚಕಾರ.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಮಾದರಿಯಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯವರು 1957ರಿಂದ ಬಂಗಾಳದ ಉತ್ತರಪಾಡಾದಲ್ಲಿ ಅಂಬಾಸಡರನ್ನು ತಯಾರಿಸಿದರು. 2014ರಲ್ಲಿ ಆ ಕೆಲಸ ನಿಂತಿತು. ಆದುದರಿಂದ ಇಂದು ಬಿಡಿಭಾಗ ಬೇಕಾದವರು ತಾವೇ ಹುಡುಕಿ, ತಾವೇ ಪರೀಕ್ಷಿಸಿ ಕೊಳ್ಳಬೇಕಾಗಿದೆ. ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದವರು ಇದಕ್ಕಾಗಿ ಚಿತ್ರದುರ್ಗಕ್ಕೋ ಬೆಂಗಳೂರಿನ ಜೆ.ಸಿ. ರಸ್ತೆಗೋ ಹೋಗಬೇಕೆಂದರೆ ಒಂದು ದಿನದ ದುಡಿಮೆ ಹೋದಂತೆಯೇ. ಹೊರಡುವುದಕ್ಕೆ ಮೊದಲು ಬೇಕಾದುದೇನೆಂದು ನಿಶ್ಚಯಿಸಿಕೊಳ್ಳುವುದು ಲೇಸು.

ಈ ಗಾಡಿಯ ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗಾಗಲಿ ಪಟ್ಟಿ ಸ್ಪ್ರಿಂಗಾಗಲಿ ಇಲ್ಲ. ಗಾಡಿಯ ಉದ್ದಕ್ಕೆ ಮಲಗಿಸಿದ ಎರಡು ಉಕ್ಕಿನ ಸರಳುಗಳಿವೆ. ಇವಕ್ಕೆ ಟಾರ್ಷನ್ ಬಾರುಗಳೆಂದು ಹೆಸರು. ಸರಳಿನ ಒಂದು ತುದಿ ಚೌಕಟ್ಟಿಗೆ ಬಿಗಿದಿರುತ್ತದೆ; ಇನ್ನೊಂದು ತುದಿ ಚಕ್ರವನ್ನು ಹೊತ್ತ ಕೆಳತೋಳಿಗೆ ಸೇರಿರುತ್ತದೆ. ಚಕ್ರ ಹಳ್ಳಕ್ಕಿಳಿದು ಏರಿದಾಗ ಸರಳು ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಪ್ರೀಮಿಯರ್ ಪದ್ಮಿನಿಯಲ್ಲಾದರೋ ಈ ಕೆಲಸಕ್ಕೆ ಸುರುಳಿ ಸ್ಪ್ರಿಂಗುಗಳಿವೆ. ಒಂದರ ಭಾಗ ಇನ್ನೊಂದಕ್ಕೆ ಹೊಂದದು.

ಕೆಟ್ಟಿರುವುದು ಯಾವುದೆಂದು ತಿಳಿಯಲು ದೊಡ್ಡ ಯಂತ್ರವೇನೂ ಬೇಡ. ಗಾಡಿಯ ಮುಂಭಾಗವನ್ನು ಜಾಕಿಯಿಂದ ಎತ್ತಿ, ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿರಿ. ಜಾಕಿಯೊಂದನ್ನೇ ನಂಬಿ ಗಾಡಿಯ ಅಡಿಗೆ ಹೋಗಬೇಡಿರಿ. ಚಕ್ರದ ಮೇಲ್ತುದಿಯನ್ನೂ ಕೆಳತುದಿಯನ್ನೂ ಹಿಡಿದು ಅಲ್ಲಾಡಿಸಿರಿ. ಅಲುಗಾಟ ಕಂಡುಬಂದರೆ ಇನ್ನೊಬ್ಬರಿಂದ ಬ್ರೇಕನ್ನು ಒತ್ತಿಸಿ ಮತ್ತೆ ಅಲ್ಲಾಡಿಸಿರಿ. ಆಗ ಅಲುಗಾಟ ನಿಂತರೆ ದೋಷವಿರುವುದು ಚಕ್ರದ ಬೇರಿಂಗಿನಲ್ಲಿ. ನಿಲ್ಲದಿದ್ದರೆ ಚಕ್ರ ತಿರುಗುವ ಕೀಲಿನಲ್ಲಿ. ಗಾಡಿಯನ್ನು ಕೆಳಗಿಳಿಸಿದ ಮೇಲೆ ಮುಂದಿನ ಮಡ್‌ಗಾರ್ಡನ್ನು ಬಲವಾಗಿ ಅದುಮಿ ಬಿಡಿರಿ. ಅದು ಒಂದು ಬಾರಿ ಎದ್ದು ಸುಮ್ಮನಾಗಬೇಕು. ತೊಟ್ಟಿಲಿನಂತೆ ತೂಗುತ್ತಿದ್ದರೆ ಷಾಕ್ ಅಬ್ಸಾರ್ಬರುಗಳು ಸತ್ವಗುಂದಿವೆ ಎಂದರ್ಥ.

ಇನ್ನು ಆಯ್ಕೆಯ ಮಾತು. ಮಾರುಕಟ್ಟೆಯಲ್ಲಿ ಬಿಡಿಭಾಗಗಳು ಮೂರು ಬಗೆ: ಅಂಗಡಿಯಲ್ಲಿ ಹಿಂದಿನಿಂದ ಉಳಿದ ಹಳೆಯ ದಾಸ್ತಾನು, ಈಚೆಗೆ ತಯಾರಾದ ಹೊಸ ಮಾಲು, ಗುಜರಿಯಲ್ಲಿ ಬಿಚ್ಚಿದ ಮಾಲು. ಎಲ್ಲಕ್ಕೂ ಒಂದೇ ನಿಯಮ ಸಲ್ಲದು. ರಬ್ಬರಿನ ಬುಷ್‌ಗಳು ಬಳಸದೆ ಇಟ್ಟರೂ ವರ್ಷಗಳು ಕಳೆದಂತೆ ಗಡುಸಾಗಿ ಬಿರುಕು ಬಿಡುತ್ತವೆ. ಇವು ಹೊಸವೇ ಆಗಬೇಕು. ಪಾಲಿಯುರೆಥೇನ್ ಎಂಬ ವಸ್ತುವಿನ ಬುಷ್‌ಗಳು ಹೆಚ್ಚು ಬಾಳಿಕೆ ಬರುತ್ತವೆಯಾದರೂ ಗಡುಸು ಹೆಚ್ಚು. ರಸ್ತೆಯ ಕುಲುಕಾಟ ನೇರವಾಗಿ ಮೈಗೆ ತಾಗುತ್ತದೆ. ಮುದುಕರೂ ಮಕ್ಕಳೂ ಕೂರುವ ಗಾಡಿಗೆ ರಬ್ಬರೇ ಒಳಿತೆಂದು ನಮ್ಮ ಅಭಿಪ್ರಾಯ.

ಚಕ್ರ ತಿರುಗುವ ಕೀಲಿನ ಭಾಗಗಳನ್ನು ಎಷ್ಟು ಅಗ್ಗವಾದರೂ ಗುಜರಿಯಿಂದ ಕೊಳ್ಳತಕ್ಕದ್ದಲ್ಲ. ಅಲ್ಲಿ ಲೋಹವು ಲೋಹದ ಮೇಲೆ ತಿರುಗುವುದರಿಂದ ಸವೆತ ಸಹಜ. ಆ ಸವೆತ ಹೊರಗಿನ ಕಣ್ಣಿಗೆ ಕಾಣದು. ಟಾರ್ಷನ್ ಬಾರಿನ ವಿಚಾರ ಬೇರೆ. ಒಳ್ಳೆಯ ಉಕ್ಕಿನ ಹಳೆಯ ಸರಳು ಇನ್ನೂ ಬಹುಕಾಲ ದುಡಿದೀತು. ಆದರೆ ಮೈಮೇಲೆ ಗೀರು, ತುಕ್ಕಿನ ಕುಳಿ, ಸುತ್ತಿಗೆಯ ಪೆಟ್ಟು ಇದ್ದರೆ ಬಿಟ್ಟುಬಿಡಿರಿ. ಸರಳು ಮುರಿಯಲು ಮೊದಲಾಗುವುದು ಅಲ್ಲಿಂದಲೇ. ಎಡಗಡೆ ದುಡಿದ ಸರಳನ್ನು ಬಲಗಡೆಗೆ ಹಾಕಲಾಗದು, ಏಕೆಂದರೆ ಅದು ಒಂದೇ ದಿಕ್ಕಿನ ತಿರುಚಿಗೆ ಒಗ್ಗಿಹೋಗಿರುತ್ತದೆ. ಗಾಡಿ ಒಂದು ಮಗ್ಗುಲಿಗೆ ಕುಸಿದಿದ್ದರೆ ಹೊಸ ಸರಳು ಕೊಳ್ಳುವ ಮುನ್ನ ಎತ್ತರದ ಹೊಂದಾಣಿಕೆ ತಪ್ಪಿದೆಯೇ ಎಂದು ಮೇಸ್ತ್ರಿಯಿಂದ ನೋಡಿಸಿರಿ. ಷಾಕ್ ಅಬ್ಸಾರ್ಬರುಗಳನ್ನು ಯಾವಾಗಲೂ ಜೋಡಿಯಾಗಿಯೇ ಬದಲಿಸಬೇಕು.

ಅಂಗಡಿಗೆ ಹೋಗುವಾಗ ಬಿಚ್ಚಿದ ಹಳೆಯ ಭಾಗವನ್ನೂ ಗಾಡಿಯ ವರ್ಷ, ಮಾದರಿ, ಷಾಸಿ ನಂಬರುಗಳನ್ನೂ ತಪ್ಪದೆ ಒಯ್ಯಿರಿ. ಐವತ್ತಕ್ಕೂ ಹೆಚ್ಚು ವರ್ಷ ತಯಾರಾದ ಗಾಡಿಯಲ್ಲಿ ಬದಲಾವಣೆಗಳು ಅನೇಕ.

ಬೇರೆ ಕಾರಿನ ಮುಂಗಾಲನ್ನೇ ತಂದು ಬೆಸುಗೆ ಹಾಕಿಕೊಡುವೆವೆಂದು ಹೇಳುವವರೂ ಉಂಟು. ಇದು ಅಪಾಯ, ಕಾನೂನಿಗೂ ತೊಡಕು. ಸ್ವಂತ ಕಾರಿನ ನೋಂದಣಿಯನ್ನು 15 ವರ್ಷಗಳಾದ ಮೇಲೆ ಐದೈದು ವರ್ಷಗಳಿಗೊಮ್ಮೆ ನವೀಕರಿಸಬೇಕಾಗಿದ್ದು, ಆಗ ಗಾಡಿಯ ಯೋಗ್ಯತೆಯ ಪರೀಕ್ಷೆ ನಡೆಯುತ್ತದೆ. 2021ರ ನಿಯಮಗಳ ಪ್ರಕಾರ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಅದು ಮೂಲ ರೂಪದಲ್ಲಿಯೇ ಇರತಕ್ಕದ್ದು, ದಿನಬಳಕೆಗೆ ಓಡಿಸತಕ್ಕದ್ದಲ್ಲ.

ಜೋಡಣೆಯ ಕಾಲದಲ್ಲಿ ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ಗಾಡಿ ತನ್ನ ಚಕ್ರಗಳ ಮೇಲೆ ನಿಂತ ಬಳಿಕವೇ ಕೊನೆಯದಾಗಿ ಬಿಗಿಯಬೇಕು. ಎತ್ತಿರುವಾಗಲೇ ಬಿಗಿದರೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ಆಮೇಲೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿರಿ.

ಕೈಯಲ್ಲಿರುವ ಹಣ ಎಲ್ಲಕ್ಕೂ ಸಾಲದಾದರೆ ಕೀಲು, ಬೇರಿಂಗುಗಳು ಮೊದಲು. ಷಾಕ್ ಅಬ್ಸಾರ್ಬರು ಅನಂತರ. ಬಣ್ಣ, ಹೊಳಪು ಎಲ್ಲಕ್ಕಿಂತ ಕೊನೆಗೆ. ಕೀಲುಗಳಿಗೆ ಕಾಲಕಾಲಕ್ಕೆ, ಕೊಳೆತ ಹಳೆಯ ಗ್ರೀಸು ಹೊರಬರುವವರೆಗೆ ಹೊಸ ಗ್ರೀಸು ತುಂಬಿಸುತ್ತಿದ್ದರೆ ಈ ಖರ್ಚು ಬೇಗನೆ ಮರಳಿ ಬಾರದು.