ದುರ್ಬೀನಿನ ಭಾರ ಕೊರಳಿಗೇಕೆ?

ಚಿತ್ರದುರ್ಗದ ಕೋಟೆಯ ಯಾವುದಾದರೊಂದು ಬತೇರಿಯನ್ನು ಹತ್ತಿ ನಿಂತರೆ, ಇದು ದೂರ ನೋಡುವುದಕ್ಕಾಗಿಯೇ ಕಟ್ಟಿದ ಜಾಗ ಎಂಬುದು ಯಾರಿಗಾದರೂ ಹೊಳೆಯುತ್ತದೆ. ಬೇಡ ಕುಲದ ನಾಯಕರು ಆಳಿದ ಈ ನಾಡಿಗೆ ಬೇಟೆಯೂ ಹೊಸದಲ್ಲ. ಬೇಟೆ ಎಂದರೆ ಗಂಡಸರ ಕೆಲಸ ಎನ್ನುವವರು ಒಮ್ಮೆ ಬೇಲೂರಿಗೆ ಹೋಗಿಬರಬೇಕು. ಹನ್ನೆರಡನೆಯ ಶತಮಾನದ ಚನ್ನಕೇಶವ ದೇವಾಲಯದ ಮದನಿಕೆಯರ ನಡುವೆ ಬಿಲ್ಲು ಹಿಡಿದ ಬೇಟೆಗಾತಿಯೂ ನಿಂತಿದ್ದಾಳೆ.

ಕಾನೂನು ಹೇಳುವ ಕೆಲವು ವಿಶೇಷ ಸಂದರ್ಭಗಳನ್ನು ಬಿಟ್ಟರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇಂದು ನಮ್ಮ ದೇಶದಲ್ಲಿ ಬೇಟೆ ಅಪರಾಧ. ಬೇಟೆಗೆ ಅನುಮತಿ ಇರುವ ದೇಶಗಳ ಮಹಿಳೆಯರು ದಿನವಿಡೀ ದುರ್ಬೀನು ಹೊರಲು ಒಂದು ಬಗೆಯ ಹೆಗಲಪಟ್ಟಿ ಬಳಸುತ್ತಾರೆ. ಅಂಗಡಿಯವರ ಮಾತಿನಲ್ಲಿ ಅದು ಹಾರ್ನೆಸ್. ಕೋವಿ ಬೇಡದ ನಮಗೂ ಆ ಪಟ್ಟಿ ಬೇಕು. ಪಕ್ಷಿವೀಕ್ಷಣೆಗೆ ಹೊರಡುವ ವಿದ್ಯಾರ್ಥಿನಿಗೆ ಬೇಕು, ಕಾಡು ಸುತ್ತುವ ಅರಣ್ಯ ಇಲಾಖೆಯ ಮಹಿಳಾ ಸಿಬ್ಬಂದಿಗೂ ಬೇಕು. ಅದನ್ನು ಆರಿಸುವುದು ಹೇಗೆ ಎಂಬುದೇ ಇಲ್ಲಿನ ವಿಷಯ.

ಒಮ್ಮೆ ಕಾಲೇಜು ಹುಡುಗಿಯರೊಂದಿಗೆ ಜೋಗಿಮಟ್ಟಿ ಹತ್ತಿದ್ದೆ. ಬೆಳಿಗ್ಗೆ ಎಲ್ಲರ ಕೊರಳಲ್ಲೂ ದುರ್ಬೀನು ಇತ್ತು. ಹತ್ತೂವರೆ ಹೊತ್ತಿಗೆ ನೋಡಿದರೆ ಮುಕ್ಕಾಲು ಪಾಲು ದುರ್ಬೀನುಗಳು ಚೀಲ ಸೇರಿದ್ದವು. "ನೋಡಿದ್ದು ಸಾಕಾಯ್ತೇನ್ರಮ್ಮಾ?" ಎಂದೆ. "ನೋಡೋದು ಸಾಕಾಗಿಲ್ಲ ಮೇಡಂ, ಕತ್ತು ಬಿದ್ದು ಹೋಗ್ತಿದೆ" ಎಂದಳು ಒಬ್ಬಳು. ಇನ್ನೊಬ್ಬಳ ಬಳಿ ಅಣ್ಣನಿಂದ ಕಡ ತಂದ ಹೆಗಲಪಟ್ಟಿ ಇತ್ತು. ಎಷ್ಟು ಬಿಗಿದರೂ ದುರ್ಬೀನು ಸೊಂಟದ ಹತ್ತಿರ ನೇತಾಡುತ್ತಿತ್ತು, ಬಂಡೆ ಹತ್ತುವಾಗ ಕಲ್ಲಿಗೆ ಬಡಿಯುತ್ತಿತ್ತು. ಅವಳೂ ಅದನ್ನು ಬಿಚ್ಚಿ ಚೀಲಕ್ಕೆ ಹಾಕಿದ್ದಳು. ಚೀಲದೊಳಗಿನ ದುರ್ಬೀನಿನಿಂದ ಹಕ್ಕಿ ಕಾಣುವುದಿಲ್ಲ. ಆಸಕ್ತಿ ಇದ್ದ ಮಕ್ಕಳು ಕತ್ತುನೋವಿಗೆ ಸೋತದ್ದು ನನಗೆ ಬಹಳ ದಿನ ಮನಸ್ಸಿನಲ್ಲಿ ಉಳಿಯಿತು. ಹುಡುಗಿಯರಿಗೆ ಕಾಡು ಸುತ್ತುವ ತಾಳ್ಮೆ ಇಲ್ಲ ಎಂದು ಯಾರಾದರೂ ಹೇಳಿದಾಗ ಈಗಲೂ ಆ ಚೀಲಗಳೇ ಕಣ್ಣಮುಂದೆ ಬರುತ್ತವೆ.

ಕತ್ತು ಏಕೆ ನೋಯುತ್ತದೆ? ಪಕ್ಷಿವೀಕ್ಷಕರು ಹೆಚ್ಚಾಗಿ ಬಳಸುವುದು 8x42 ಎಂಬ ದುರ್ಬೀನು. ಎಂಟು ಎಂದರೆ ವಸ್ತುವನ್ನು ಎಂಟು ಪಟ್ಟು ಹತ್ತಿರ ತೋರಿಸುತ್ತದೆ ಎಂದು ಅರ್ಥ. 42 ಎಂದರೆ ಮುಂದಿನ ಮಸೂರದ ವ್ಯಾಸ, ಮಿಲಿಮೀಟರುಗಳಲ್ಲಿ. ಇದರ ತೂಕ ಸುಮಾರು 700 ಗ್ರಾಂ. ಅದರ ಜೊತೆ ಬರುವ ಕೊರಳಪಟ್ಟಿ ಒಂದು ಸೆಂಟಿಮೀಟರ್ ಅಗಲವಿದ್ದು, ಕತ್ತಿನ ಹಿಂಭಾಗವನ್ನು ಹನ್ನೆರಡು ಸೆಂಟಿಮೀಟರ್ ಉದ್ದಕ್ಕೆ ತಾಕುತ್ತದೆ ಎಂದಿಟ್ಟುಕೊಳ್ಳಿ. ಆಗ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 58 ಗ್ರಾಂ ಭಾರ ಬಿತ್ತು. ಅದೇ ಭಾರವನ್ನು ಮೂರು ಸೆಂಟಿಮೀಟರ್ ಅಗಲದ ಎರಡು ಪಟ್ಟಿಗಳು ಎರಡು ಹೆಗಲ ಮೇಲೆ ಇಪ್ಪತ್ತಿಪ್ಪತ್ತು ಸೆಂಟಿಮೀಟರ್ ಉದ್ದಕ್ಕೆ ಹಂಚಿಕೊಂಡರೆ ಆರು ಗ್ರಾಂ ಕೂಡ ಬೀಳುವುದಿಲ್ಲ. ಭೌತಶಾಸ್ತ್ರದ ಪುಸ್ತಕದಲ್ಲಿ ನೀವು ಓದಿದ ಒತ್ತಡದ ಸೂತ್ರವೇ ಇದು. ಬಲ ಅಷ್ಟೇ ಇದೆ, ವಿಸ್ತೀರ್ಣ ಹತ್ತು ಪಟ್ಟಾಗಿದೆ.

ಒತ್ತಡದ ಜೊತೆಗೆ ಇನ್ನೊಂದು ಕಾರಣವೂ ಇದೆ. ಕೊರಳಲ್ಲಿ ತೂಗುವ ಭಾರ ಕತ್ತನ್ನು ಮುಂದಕ್ಕೆ ಎಳೆಯುತ್ತದೆ, ಹಿಂಭಾಗದ ಸ್ನಾಯುಗಳು ಅದನ್ನು ಎಡೆಬಿಡದೆ ಹಿಂದಕ್ಕೆ ಎಳೆಯಬೇಕು. ತಲೆಯ ಭಾರವೇ ನಾಲ್ಕೈದು ಕಿಲೋ ಇರುವಾಗ ಇದೊಂದು ಹೆಚ್ಚಿನ ಕೂಲಿ.

ಹೆಗಲಪಟ್ಟಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದರಲ್ಲಿ ಎರಡು ಪಟ್ಟಿಗಳು ಹೆಗಲ ಮೇಲಿಂದ ಹೋಗಿ, ಬೆನ್ನಿನ ಮೇಲೆ ಅಂಗೈಯಗಲದ ತೊಗಲು ತುಂಡಿನಲ್ಲಿ ಒಂದನ್ನೊಂದು ದಾಟಿ, ಕಂಕುಳ ಕೆಳಗಿನಿಂದ ಮತ್ತೆ ಮುಂದೆ ಬರುತ್ತವೆ. ನಾಲ್ಕು ತುದಿಗಳೂ ಕೊಂಡಿಗಳ ಮೂಲಕ ದುರ್ಬೀನಿಗೆ ಸೇರುತ್ತವೆ. ಎರಡನೆಯದರಲ್ಲಿ ಎದೆಯ ಮೇಲೆ ಮುಚ್ಚಳವಿರುವ ಚೀಲವೇ ಇರುತ್ತದೆ, ದುರ್ಬೀನು ಅದರೊಳಗೆ ಕೂರುತ್ತದೆ. ಹೊರದೇಶದ ಬೇಟೆಗಾರರಿಗೆ ಈ ಚೀಲ ಮೆಚ್ಚು. ಧೂಳು ಸೇರುವುದಿಲ್ಲ, ಸದ್ದಾಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ನಮ್ಮ ಬಯಲುಸೀಮೆಗೆ ಮೊದಲನೆಯದೇ ವಾಸಿ. ಹಿರಿಯೂರಿನ ಬಿಸಿಲಲ್ಲಿ ಎದೆಗೊಂದು ಚೀಲ ಕಟ್ಟಿಕೊಂಡರೆ ಅದರ ಹಿಂದೆ ಬೆವರು ಆರುವುದಿಲ್ಲ. ಅಲ್ಲದೆ ಉಬ್ಬಿದ ಚೀಲ ಹೆಣ್ಣುಮಕ್ಕಳ ಎದೆಯ ಮೇಲೆ ಇನ್ನಷ್ಟು ಮುಂದೆ ಚಾಚಿ, ಇಳಿಜಾರಿನಲ್ಲಿ ಕಾಲಿಡುವ ಜಾಗವನ್ನೇ ಮರೆಮಾಡುತ್ತದೆ.

ಈಗ ಅಳತೆಯ ಮಾತು. ಇದನ್ನು ಸಂಕೋಚವಿಲ್ಲದೆ ಹೇಳಬೇಕು, ಏಕೆಂದರೆ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಎಲ್ಲರಿಗೂ ಒಂದೇ ಅಳತೆ ಎಂದು ಮಾರುವ ಪಟ್ಟಿಯನ್ನು ಸಾಮಾನ್ಯವಾಗಿ ಅಗಲ ಹೆಗಲಿನ ಗಂಡಸನ್ನು ಮನಸ್ಸಿನಲ್ಲಿಟ್ಟು ಹೊಲಿದಿರುತ್ತಾರೆ. ಆದ್ದರಿಂದ ಪಟ್ಟಿ ಎಷ್ಟು ಉದ್ದ ಬಿಡುತ್ತದೆ ಎಂದು ನೋಡಬೇಡಿ, ಎಷ್ಟು ಚಿಕ್ಕದಾಗುತ್ತದೆ ಎಂದು ನೋಡಿ. ಪೂರ್ತಿ ಬಿಗಿದಾಗ ದುರ್ಬೀನು ಎದೆಯ ಕೆಳಗೆ, ಪಕ್ಕೆಲುಬು ಮುಗಿಯುವ ಜಾಗದಲ್ಲಿ ನಿಲ್ಲಬೇಕು. ಅದಕ್ಕಿಂತ ಮೇಲಿದ್ದರೆ ಹೆಜ್ಜೆ ಹೆಜ್ಜೆಗೂ ಕುಣಿಯುತ್ತದೆ, ಕೆಳಗಿದ್ದರೆ ಬಂಡೆಗೆ ಬಡಿಯುತ್ತದೆ. ಪಟ್ಟಿ ಕತ್ತಿನ ಬುಡಕ್ಕೆ ಒತ್ತದೆ ಹೆಗಲಿನ ನಡುವೆ ಹಾಯಬೇಕು. ಉದ್ದ ಸರಿಪಡಿಸುವ ಪ್ಲಾಸ್ಟಿಕ್ ಬಕಲ್ ಒಳ ಉಡುಪಿನ ಪಟ್ಟಿಯ ಮೇಲೆಯೇ ಕೂತರೆ ಅರ್ಧ ಗಂಟೆಯಲ್ಲಿ ಚರ್ಮ ಕೆಂಪಾಗುತ್ತದೆ. ಎರಡು ಬೆರಳು ಆಚೆ ಸರಿಯುವಂತಿರಬೇಕು. ಕೆಲವು ಪಟ್ಟಿಗಳಲ್ಲಿ ಎದೆಗೆ ಅಡ್ಡಲಾಗಿ ಇನ್ನೊಂದು ಪಟ್ಟಿ ಇರುತ್ತದೆ. ಅದು ಮೇಲೆ ಕೆಳಗೆ ಸರಿಯುವಂತಿದ್ದು, ಕೊರಳೆಲುಬಿನ ಸ್ವಲ್ಪ ಕೆಳಗೆ ನಿಂತರೆ ಸರಿ. ಇಲ್ಲವಾದರೆ ಬಿಚ್ಚಿ ತೆಗೆಯಲು ಬರುವಂಥದ್ದನ್ನೇ ಕೊಳ್ಳಿ.

ಕೊಳ್ಳುವ ಮೊದಲು ಹಾಕಿಕೊಂಡು ನೋಡಿ. ಅದೂ ಕಾಡಿಗೆ ಹೋಗುವಾಗ ತೊಡುವ ಬಟ್ಟೆಯ ಮೇಲೆ. ಚೂಡಿದಾರವಾದರೆ ವೇಲನ್ನು ಪಟ್ಟಿಯ ಅಡಿ ಸಿಕ್ಕಿಸದೆ ಸೊಂಟಕ್ಕೆ ಕಟ್ಟಿ, ಜಡೆಯನ್ನು ಸುತ್ತಿ ಮೇಲೆ ಕಟ್ಟಿ. ದುರ್ಬೀನನ್ನು ಕಣ್ಣಿಗೆ ಎತ್ತಿದಾಗ ಹೆಗಲು ಮೇಲೆದ್ದರೆ ಪಟ್ಟಿ ಬಿಗಿಯಾಗಿದೆ ಎಂದರ್ಥ. ಮುಂದಕ್ಕೆ ಬಗ್ಗಿದಾಗ ದುರ್ಬೀನು ಮೈಬಿಟ್ಟು ತೂಗಿದರೆ ಸಡಿಲ. ಎಲಾಸ್ಟಿಕ್ ಪಟ್ಟಿ ಅಂಗಡಿಯಲ್ಲಿ ಹಿತವೆನಿಸುತ್ತದೆ, ನಡೆಯತೊಡಗಿದರೆ ದುರ್ಬೀನನ್ನು ಚೆಂಡಿನಂತೆ ಕುಣಿಸುತ್ತದೆ.

ಹೋಗುವ ಜಾಗವೂ ಪಟ್ಟಿಯನ್ನು ಪರೀಕ್ಷಿಸುತ್ತದೆ. ಹೊಳಲ್ಕೆರೆ ಕಡೆಯ ಅಡಿಕೆ ತೋಟದಲ್ಲಿ ಮರದ ತಲೆಯಲ್ಲಿರುವ ಹಕ್ಕಿಗಾಗಿ ಕತ್ತನ್ನು ಹಿಂದಕ್ಕೆ ಬಾಗಿಸಬೇಕು. ಕೊರಳಪಟ್ಟಿ ಅತಿ ಹೆಚ್ಚು ಕೊರೆಯುವುದು ಆಗಲೇ. ಹೊಸದುರ್ಗದ ಬಯಲಿನಲ್ಲಿ ತಂತಿಯ ಮೇಲೆ ಕೂತ ನೀಲಕಂಠ ಸುಲಭವಾಗಿ ಕಾಣುತ್ತದೆ, ಆದರೆ ನಡಿಗೆ ಉದ್ದ. ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ, ಜನರ ಬಾಯಲ್ಲಿ ಮಾರಿಕಣಿವೆ, 1933ರ ನಂತರ 2022ರಲ್ಲಿ ಮತ್ತೆ ಕೋಡಿ ಬಿತ್ತು. ನೀರು ಹರಡಿದಷ್ಟೂ ಬಾತುಗಳು ದೂರವಾಗುತ್ತವೆ, ದುರ್ಬೀನು ಹಿಡಿದು ನಿಲ್ಲುವ ಹೊತ್ತು ಹೆಚ್ಚುತ್ತದೆ. ದಡದ ಜಾಲಿಮುಳ್ಳಿಗೆ ನೇತಾಡುವ ಪಟ್ಟಿತುದಿಗಳು ಸಿಕ್ಕಿಕೊಳ್ಳುತ್ತವೆ. ಉಳಿದ ತುದಿ ಕತ್ತರಿಸಿ, ನೈಲಾನ್ ಆದರೆ ಮೇಣದಬತ್ತಿಯ ಉರಿಗೆ ಹಿಡಿದು ಅಂಚು ಕರಗಿಸಿ. ಕರಗಿದ ನೈಲಾನನ್ನು ಬೆರಳಲ್ಲಿ ಒತ್ತಬೇಡಿ, ಸುಡುತ್ತದೆ. ಇನ್ನು ಕೋಟೆ, ಜೋಗಿಮಟ್ಟಿಯಂಥ ಬಂಡೆಯ ಜಾಗಗಳಲ್ಲಿ ಹೆಜ್ಜೇನು ಎದ್ದರೆ ಓಡಬೇಕು. ಒಂದೇ ಕೈಯಲ್ಲಿ ಬಿಚ್ಚಲು ಬರುವ ಕೊಂಡಿ ಬೇಕೆನ್ನುವುದು ಅದಕ್ಕೇ.

ದುಬಾರಿ ಎಂದು ಕೈಬಿಡಬೇಕಾಗಿಲ್ಲ. ಹಳೆಯ ಶಾಲಾಚೀಲದ ಪಟ್ಟಿ ಅಥವಾ ಮೂರು ಸೆಂಟಿಮೀಟರ್ ಅಗಲದ ನವಾರು, ನಾಲ್ಕು ಕೊಂಡಿ, ಬೆನ್ನಿಗೆ ಎರಡು ಪದರದ ಕ್ಯಾನ್ವಾಸ್ ತುಂಡು ಇದ್ದರೆ ಚೀಲ ರಿಪೇರಿ ಮಾಡುವವರು ನಿಮ್ಮ ಮೈಯಳತೆಗೇ ಹೊಲಿದುಕೊಡುತ್ತಾರೆ. ಕೊಂಡಿ ಸೇರುವಲ್ಲಿ ಚೌಕ ಹೊಲಿಗೆ ಹಾಕಿ, ಅದರೊಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಹೊಲಿಯಲು ಹೇಳಿ. ದುರ್ಬೀನು ಸಿಕ್ಕಿಸುವ ಮೊದಲು ಒಂದು ಲೀಟರ್ ನೀರು ತುಂಬಿದ ಬಾಟಲಿಯನ್ನು ತೂಗುಹಾಕಿ ಮನೆಯ ಮೆಟ್ಟಿಲು ಹತ್ತಿಳಿಯಿರಿ. ನೀರಿನ ತೂಕವೇ ಒಂದು ಕಿಲೋ, ಅದನ್ನು ತಡೆದ ಹೊಲಿಗೆ ದುರ್ಬೀನನ್ನೂ ತಡೆಯುತ್ತದೆ.

ನಮ್ಮ ಶಾಲೆಗಳಲ್ಲಿ ಇಡೀ ತರಗತಿಗೆ ಒಂದೋ ಎರಡೋ ದುರ್ಬೀನು. ಹಾಗಿರುವಾಗ ದುರ್ಬೀನು ಶಾಲೆಯದು, ಪಟ್ಟಿ ಅವರವರದು ಎಂದು ಮಾಡಿಕೊಂಡರೆ ಒಳ್ಳೆಯದು. ಒಬ್ಬಳು ನಾಲ್ಕು ಕೊಂಡಿ ಬಿಚ್ಚುತ್ತಾಳೆ, ಇನ್ನೊಬ್ಬಳು ಸಿಕ್ಕಿಸುತ್ತಾಳೆ. ಬೆನ್ನಚೀಲ ಹೊರುವವರು ಮೊದಲು ಹೆಗಲಪಟ್ಟಿ ಹಾಕಿ, ಅದರ ಮೇಲೆ ಚೀಲ ಏರಿಸಬೇಕು. ತಿರುಗುಮುರುಗಾದರೆ ಚೀಲ ಇಳಿಸುವಾಗಲೆಲ್ಲ ದುರ್ಬೀನು ಬಿಚ್ಚಬೇಕಾಗುತ್ತದೆ. ಮನೆಗೆ ಬಂದ ಮೇಲೆ ಬೆವರಿನ ಉಪ್ಪು ಹೋಗುವಂತೆ ನವಾರನ್ನು ತಣ್ಣೀರಿನಲ್ಲಿ ಹಿಂಡಿ ನೆರಳಿನಲ್ಲಿ ಒಣಗಿಸಿ. ಬೆನ್ನಿನದು ತೊಗಲಾದರೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.