ಹಿಂದಿನ ಗಾಡಿಗೂ ಒಂದು ಬ್ರೇಕು

ಡೆನ್ವರ್‌ನಿಂದ ಪಶ್ಚಿಮಕ್ಕೆ ಹೊರಟ ಐ-70 ಹೆದ್ದಾರಿ 11,158 ಅಡಿ ಎತ್ತರದಲ್ಲಿ ಐಸೆನ್‌ಹೋವರ್ ಸುರಂಗ ಹೊಕ್ಕು ಹೊರಬಿದ್ದ ಕೂಡಲೇ ಸಿಲ್ವರ್‌ತಾರ್ನ್ ಊರಿನ ಕಡೆಗೆ ಧುಮುಕುತ್ತದೆ. ನೂರಡಿ ಮುಂದೆ ಹೋದರೆ ಏಳಡಿ ಕೆಳಗೆ. ಬ್ರೇಕ್ ಸೋತ ಲಾರಿಗಳು ನುಗ್ಗಿ ನಿಲ್ಲಲೆಂದೇ ಪಕ್ಕದಲ್ಲಿ ಜಲ್ಲಿ ತುಂಬಿದ ಏರುದಾರಿ ಮಾಡಿಟ್ಟಿದ್ದಾರೆ. ನಮ್ಮ ಪಿಕಪ್ ಟ್ರಕ್ಕಿನ ಹಿಂದೆ ಟ್ರೇಲರ್ ಮನೆ ಕಟ್ಟಿಕೊಂಡು ಮೊದಲ ಸಲ ಅಲ್ಲಿ ಇಳಿಯುವಾಗ ಯಾರೋ ಬೆನ್ನಿಗೆ ಕೈಕೊಟ್ಟು ತಳ್ಳಿದ ಹಾಗಾಯಿತು. ಬ್ರೇಕ್ ತುಳಿದರೆ ಟ್ರಕ್ಕಿನ ಮೂತಿ ಬಗ್ಗುತ್ತಿತ್ತೇ ಹೊರತು ವೇಗ ಬಗ್ಗಲಿಲ್ಲ. ಪಕ್ಕದಲ್ಲಿ ನಕ್ಷೆ ನೋಡುತ್ತಿದ್ದ ಯಜಮಾನರು ನಕ್ಷೆ ಮಡಚಿಟ್ಟರು.

ಆ ತಳ್ಳು ನನಗೆ ಹೊಸದೇನಲ್ಲ. ಪಾಂಡವಪುರದ ಕಡೆಯವಳು ನಾನು. ಕಬ್ಬು ಹೇರಿದ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತೇ ಬೆಳೆದವಳು. ಬ್ರೇಕಿಲ್ಲದ ಟ್ರೇಲರ್ ಇಳಿಜಾರಿನಲ್ಲಿ ಟ್ರ್ಯಾಕ್ಟರನ್ನು ಹೇಗೆ ಅಟ್ಟಿಸಿಕೊಂಡು ಬರುತ್ತದೆಂದು ಬಲ್ಲೆ. ಅಪ್ಪ ಇಳಿಜಾರು ಶುರುವಾಗುವ ಮೊದಲೇ ಗೇರು ಇಳಿಸಿ, "ಹಿಂದ್ಗಡೆದು ಮುಂದ್ಗಡೆದನ್ನ ತಳ್ಬಾರ್ದು ಕಣವ್ವ" ಅನ್ನುತ್ತಿದ್ದರು. ಅದಕ್ಕೂ ಹಿಂದೆ, ಎತ್ತಿನ ಗಾಡಿಯ ಕಾಲದಲ್ಲಿ, ಚಕ್ರಕ್ಕೆ ಮರದ ಕಟ್ಟೆ ಒತ್ತುವ ಹಾಗೆ ಹಗ್ಗ ಬಿಗಿಯುತ್ತಿದ್ದರಂತೆ. ಇಲ್ಲದಿದ್ದರೆ ಅಷ್ಟೂ ಭಾರ ನೊಗದ ಮೂಲಕ ಎತ್ತಿನ ಕತ್ತಿಗೆ.

ನಮ್ಮ ಟ್ರೇಲರ್ ತುಂಬಿದಾಗ 6,000 ಪೌಂಡ್, ಅಂದರೆ 2,700 ಕಿಲೋ. ಟ್ರಕ್ಕಿಗಿಂತ ಹಿಂದಿನ ಮನೆಯೇ ಭಾರ. ಅಮೆರಿಕದ ಬಹಳ ರಾಜ್ಯಗಳಲ್ಲಿ 3,000 ಪೌಂಡ್ ದಾಟಿದ ಟ್ರೇಲರ್‌ಗೆ ಅದರದೇ ಬ್ರೇಕ್ ಇರಬೇಕು. ಟೆಕ್ಸಾಸ್‌ನಲ್ಲಿ ಆ ಮಿತಿ 4,500. ನಮ್ಮದಕ್ಕೂ ನಾಲ್ಕು ಚಕ್ರಕ್ಕೆ ನಾಲ್ಕು ಬ್ರೇಕ್ ಇತ್ತು. ಸರಿಯಾಗಿ ಕೆಲಸ ಮಾಡದೆ ಇದ್ದದ್ದು ಅವಕ್ಕೆ ಅಪ್ಪಣೆ ಕೊಡುವ ಪೆಟ್ಟಿಗೆ, ಬ್ರೇಕ್ ಕಂಟ್ರೋಲರ್.

ಟ್ರೇಲರ್ ಬ್ರೇಕಿನ ಒಳಗುಟ್ಟು ಚೆಂದದ್ದು. ಡ್ರಮ್ಮಿನೊಳಗೆ ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡ ಅಯಸ್ಕಾಂತ. ಟ್ರಕ್ಕಿನಿಂದ ಕರೆಂಟು ಬಂದಾಗ ಅದು ತಿರುಗುತ್ತಿರುವ ಡ್ರಮ್ಮಿಗೆ ಅಂಟಿಕೊಂಡು ಅದರ ಜೊತೆ ಚೂರು ಎಳೆದುಕೊಂಡು ಹೋಗುತ್ತದೆ. ಆ ಎಳೆತಕ್ಕೆ ಒಂದು ಸಲಾಕೆ ವಾಲಿ ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ. ಕರೆಂಟು ಹೆಚ್ಚಾದಷ್ಟೂ ಹಿಡಿತ ಬಿಗಿ. ಒಂದೊಂದು ಚಕ್ರಕ್ಕೆ ಸುಮಾರು 3 ಆಂಪಿಯರ್, ನಾಲ್ಕಕ್ಕೆ 12. ಯಾವಾಗ ಎಷ್ಟು ಕಳಿಸಬೇಕು ಎಂಬುದಷ್ಟೇ ಕಂಟ್ರೋಲರಿನ ಕೆಲಸ. ಎಲ್ಲ ತಾಪತ್ರಯ ಇರುವುದೂ ಅಲ್ಲೇ.

ಟ್ರಕ್ ಮಾರಿದವನು "ಎಳೆಯೋದಕ್ಕೆ ಎಲ್ಲಾ ರೆಡಿ" ಅಂದಿದ್ದ. ಏಳು ಪಿನ್ನಿನ ಪ್ಲಗ್ಗೇನೋ ಇತ್ತು. ಡ್ಯಾಶಿನ ಕೆಳಗೆ ಹಿಂದಿನ ಮಾಲೀಕ ತಿರುಪು ಹಾಕಿ ಕೂರಿಸಿದ ಅಗ್ಗದ ಪೆಟ್ಟಿಗೆಯೂ ಇತ್ತು. ಅದು 'ಟೈಮ್ ಡಿಲೇ' ಜಾತಿಯದು. ಬ್ರೇಕ್ ದೀಪ ಹೊತ್ತಿಕೊಂಡಿತು ಎಂಬುದಷ್ಟೇ ಅದಕ್ಕೆ ತಿಳಿಯುತ್ತದೆ. ನೀವು ಬೆರಳ ತುದಿಯಲ್ಲಿ ಮುಟ್ಟಿದಿರೋ ಎದ್ದು ನಿಂತು ತುಳಿದಿರೋ ತಿಳಿಯದು. ಎರಡಕ್ಕೂ ಒಂದೇ ಲೆಕ್ಕದಲ್ಲಿ ಸೊನ್ನೆಯಿಂದ ನಿಧಾನ ಕರೆಂಟು ಏರಿಸುತ್ತದೆ. ಕೆಂಪು ದೀಪದ ಮುಂದೆ ಮೆಲ್ಲಗೆ ನಿಲ್ಲಲು ಹೋದರೆ ಹಿಂದಿನಿಂದ ಜಗ್ಗುತ್ತದೆ. ಜಿಂಕೆ ಅಡ್ಡ ಬಂದಾಗ ಅದು ಕಣ್ಣುಜ್ಜಿಕೊಂಡು ಏಳುವಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿರುತ್ತದೆ.

ಇನ್ನೊಂದು ಜಾತಿ 'ಪ್ರೊಪೋರ್ಷನಲ್'. ಟ್ರಕ್ಕಿನ ವೇಗ ಎಷ್ಟು ಜೋರಾಗಿ ತಗ್ಗುತ್ತಿದೆ ಎಂದು ತಾನೇ ಅಳೆದು ಅಷ್ಟಕ್ಕೆ ತಕ್ಕ ಕರೆಂಟು ಕಳಿಸುತ್ತದೆ. ಹಳೆಯವುಗಳೊಳಗೆ ಲೋಲಕ ತೂಗಾಡುತ್ತಿತ್ತು. ಪೆಟ್ಟಿಗೆಯನ್ನು ಮಟ್ಟವಾಗಿ ಕೂರಿಸದಿದ್ದರೆ ಲೆಕ್ಕವೆಲ್ಲ ತಪ್ಪು, ಘಾಟಿಯಲ್ಲಂತೂ ಲೋಲಕವೇ ವಾಲಿಕೊಳ್ಳುತ್ತದೆ. ಈಗಿನವುಗಳಲ್ಲಿ ಫೋನು ಅಡ್ಡ ತಿರುಗಿಸಿದ್ದನ್ನು ಗುರುತಿಸುವಂಥದೇ ಚಿಪ್ಪು. ನಾನು ಕೊಂಡದ್ದು ಟೆಕೋನ್ಷಾ ಕಂಪನಿಯ ಪ್ರಾಡಿಜಿ ಪಿ3. ಅದೇ ಆಗಬೇಕೆಂದೇನಿಲ್ಲ, ಆದರೆ ಜಾತಿ ಇದೇ ಇರಲಿ. ನಿಮ್ಮ ಟ್ರಕ್ಕಿನಲ್ಲಿ ಕಾರ್ಖಾನೆಯವರೇ ಕೂರಿಸಿದ್ದರೆ (ಫೋರ್ಡ್ 2005ರ ಸೂಪರ್ ಡ್ಯೂಟಿಯಿಂದಲೇ ಕೊಡುತ್ತಿದೆ) ಹೊರಗಿನದಕ್ಕೆ ದುಡ್ಡು ಹಾಕಬೇಡಿ. ಡಿಸ್ಕ್ ಬ್ರೇಕಿನ ಟ್ರೇಲರ್ ಆದರೆ 'ಎಲೆಕ್ಟ್ರಿಕ್ ಓವರ್ ಹೈಡ್ರಾಲಿಕ್' ಪಂಪಿಗೆ ಹೊಂದುತ್ತದೋ ಕೇಳಿಕೊಳ್ಳಿ. ದೋಣಿ ಸಾಗಿಸುವ ಟ್ರೇಲರುಗಳಲ್ಲಿ ಹೆಚ್ಚಿನವು ತಾವೇ ಮುಂದಕ್ಕೆ ಒತ್ತಿದ ಒತ್ತಡದಿಂದ ಬ್ರೇಕ್ ಹಾಕಿಕೊಳ್ಳುತ್ತವೆ. ಅವಕ್ಕೆ ಕಂಟ್ರೋಲರೇ ಬೇಡ.

ಫೋನಿನಿಂದ ನಡೆಸುವ, ತಂತಿ ಜೋಡಿಸುವ ರಗಳೆಯಿಲ್ಲದ ಪೆಟ್ಟಿಗೆಗಳೂ ಬಂದಿವೆ. ನನಗೆ ಒಗ್ಗುವುದಿಲ್ಲ. ಕಾರಣ, ಕಂಟ್ರೋಲರಿನ ಮೇಲಿರುವ ಪುಟ್ಟ ಕೈಹಿಡಿ. ಅದನ್ನು ಒತ್ತಿದರೆ ಟ್ರಕ್ಕಿಗೆ ತಾಕದೆ ಟ್ರೇಲರಿಗೆ ಮಾತ್ರ ಬ್ರೇಕ್ ಬೀಳುತ್ತದೆ. ವಯೋಮಿಂಗಿನ ಅಡ್ಡಗಾಳಿಗೆ ಟ್ರೇಲರ್ ಹಾವಿನ ಹಾಗೆ ಓಲಾಡತೊಡಗಿದಾಗ ಕಾಲಿನ ಬ್ರೇಕ್ ಮುಟ್ಟದೆ ಇದನ್ನು ಮೆಲ್ಲಗೆ ಒತ್ತಿದರೆ ಹಿಂದಿನದು ಹಿಂದಕ್ಕೆ ಜಗ್ಗಿ ನೆಟ್ಟಗಾಗುತ್ತದೆ. ಆ ಗಳಿಗೆಯಲ್ಲಿ ಗಾಜಿನ ಪರದೆಯ ಮೇಲೆ ಗುಂಡಿ ಹುಡುಕುವ ತಾಳ್ಮೆ ಯಾರಿಗಿದೆ? ಕಂಟ್ರೋಲರ್ ಕೂರಿಸಲು ಬಂದ ಹುಡುಗ ಅಂದವಾಗಿರಲೆಂದು ಅದನ್ನು ಮೊಣಕಾಲಿನ ಹತ್ತಿರ ಬಚ್ಚಿಡಲು ನೋಡಿದ. ನಾನು ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, ಬಲಗೈ ಚಾಚಿ, ಎಲ್ಲಿ ಮುಟ್ಟಿತೋ ಅಲ್ಲೇ ತಿರುಪು ಹಾಕಿಸಿದೆ.

ಕೊಂಡರಷ್ಟೇ ಸಾಲದು, ಹದ ಮಾಡಬೇಕು. 'ಗೇನ್' ಎಂಬ ಅಂಕಿ ಟ್ರೇಲರಿನ ಪಾಲು ಎಷ್ಟೆಂದು ಹೇಳುತ್ತದೆ. ಭಾನುವಾರ ಖಾಲಿ ಬಿದ್ದ ಪಾರ್ಕಿಂಗ್ ಮೈದಾನದಲ್ಲಿ ನಾಲ್ಕಾರು ಸಲ ನಿಲ್ಲಿಸಿ ಬ್ರೇಕ್ ಬೆಚ್ಚಗೆ ಮಾಡಿದೆ. ಆಮೇಲೆ ಗಂಟೆಗೆ 25 ಮೈಲಿ, ಅಂದರೆ 40 ಕಿಲೋಮೀಟರ್ ವೇಗದಲ್ಲಿ ಕೈಹಿಡಿ ಪೂರ್ತಿ ಒತ್ತುವುದು. ಪ್ರತಿ ಸುತ್ತಿಗೂ ಅಂಕಿ ಅರ್ಧ ಏರಿಸುವುದು. ಯಜಮಾನರು ಬಿಸಿಲಲ್ಲಿ ನಿಂತು ಟ್ರೇಲರಿನ ಚಕ್ರ ನೋಡುತ್ತಿದ್ದರು. 6ಕ್ಕೆ ಚಕ್ರ ಕಟ್ಟಿಕೊಂಡು ಕಿರುಚಿತು, ಅವರೂ ಕಿರುಚಿದರು. 5.5ಕ್ಕೆ ಇಳಿಸಿದೆ. ಉರುಳದೆ ಜಾರುವ ಚಕ್ರಕ್ಕೆ ಹಿಡಿತವಿರುವುದಿಲ್ಲ, ಅದಕ್ಕೇ ಅದರ ಒಂದು ಮೆಟ್ಟಿಲು ಕೆಳಗೆ. ಟ್ರೇಲರ್ ಖಾಲಿಯಿದ್ದಾಗ, ಮಳೆಯಲ್ಲಿ, ಜಲ್ಲಿ ರಸ್ತೆಯಲ್ಲಿ ಇನ್ನೂ ಇಳಿಸುತ್ತೇನೆ. ನಲವತ್ತು ಗ್ಯಾಲನ್ ನೀರು ತುಂಬಿಸಿದರೆ ನೂರೈವತ್ತು ಕಿಲೋ ಏರುತ್ತದೆ, ಆಗ ಮತ್ತೆ ನೋಡಿಕೊಳ್ಳಬೇಕು.

ಮುಂದಿನ ಬೇಸಿಗೆಗೆ ಅಪ್ಪ ಬಂದಿದ್ದರು. ಅದೇ ಸುರಂಗ, ಅದೇ ಇಳಿಜಾರು. ಗೇರು ಇಳಿಸಿಯೇ ಇಳಿದೆ; ಇಷ್ಟುದ್ದ ಇಳಿಜಾರಿನಲ್ಲಿ ಕಾಲು ತೆಗೆಯದೆ ತುಳಿದರೆ ಯಾವ ಕಂಟ್ರೋಲರ್ ಇದ್ದರೂ ಡ್ರಮ್ಮು ಕಾದು ಸೋಲುತ್ತದೆ. ಬೆನ್ನಿಗೆ ತಳ್ಳು ಬರಲಿಲ್ಲ. ಸಿಲ್ವರ್‌ತಾರ್ನ್‌ನಲ್ಲಿ ಕಾಫಿಗೆ ನಿಲ್ಲಿಸಿದಾಗ ಅಪ್ಪ ಒಳಗೆ ಬರಲಿಲ್ಲ. ಟ್ರೇಲರಿನ ಚಕ್ರದಿಂದ ಚಕ್ರಕ್ಕೆ ಹೋಗಿ, ಬಗ್ಗಿ, ಅಂಗೈಯ ಹಿಂಬದಿಯನ್ನು ನಡುವಿನ ಹಬ್ಬಿಗೆ ಹತ್ತಿರ ಹಿಡಿದು ನೋಡುತ್ತಿದ್ದರು. "ನಾಲ್ಕೂ ಒಂದೇ ಹಂಗೆ ಕಾದವೆ" ಅಂದರು. ಒಂದು ತಣ್ಣಗಿದ್ದಿದ್ದರೆ ಅದರ ಬ್ರೇಕ್ ಹಿಡಿಯುತ್ತಿಲ್ಲ ಎಂದರ್ಥ. ಆಮೇಲೆ ಕೇಳಿದರು, ನಮ್ಮ ಕಬ್ಬಿನ ಟ್ರೇಲರಿಗೆ ಇದನ್ನು ಹಾಕಿಸೋಕೆ ಆಗಲ್ವಾ ಅಂತ. ಪೆಟ್ಟಿಗೆ ತಗೊಂಡು ಹೋಗಬಹುದಪ್ಪ, ಆದರೆ ಅದರ ಮಾತು ಕೇಳುವ ಬ್ರೇಕು ಅಲ್ಲಿನ ಚಕ್ರದಲ್ಲಿಲ್ಲವಲ್ಲ ಅಂದೆ.