ಹಿಮದ ಬೆಟ್ಟದಲ್ಲಿ ಹದ್ದಿನ ಬೇಟೆ

ಮಕರ ಮಾಸದ ನಾಲ್ಕು ದಿನಗಳ ಚಳಿಗೇ ಕಂಬಳಿ ಹುಡುಕುವವರು ನಾವು. ನಮ್ಮ ಪಯಸ್ವಿನಿಯ ಆಚೆಯಲ್ಲಾಗಲಿ ಈಚೆಯಲ್ಲಾಗಲಿ ಹಿಮ ಬಿದ್ದುದನ್ನು ಕಂಡವರಿಲ್ಲ. ಬೇಟೆಯೆಂದರೂ ನಮಗೆ ಅಜ್ಜಂದಿರು ಹೇಳುತ್ತಿದ್ದ ಹಂದಿ ಬೋಂಟೆಯ ಕಥೆಗಳಷ್ಟೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಮನಸ್ಸು ಬಂದಂತೆ ಕೋವಿ ಹಿಡಿದು ಕಾಡಿಗಿಳಿಯುವ ಕಾಲ ಮುಗಿಯಿತು. ಆದರೆ ಹಿಮ ಬಿದ್ದ ಮೇಲೆಯೇ ಬೇಟೆಗೆ ಹೊರಡುವ ಜನ ಈ ಭೂಮಿಯ ಮೇಲೆ ಇದ್ದಾರೆ. ಅವರ ಆಯುಧ ಕೋವಿಯಲ್ಲ, ಕೈಮೇಲೆ ಕುಳಿತ ಹದ್ದು. ಅವರ ವಿಷಯವನ್ನು ಇಲ್ಲಿ ಬರೆಯಲು ಕುತೂಹಲವೊಂದೇ ಕಾರಣವಲ್ಲ. ಅವರೂ ನಮ್ಮಂತೆಯೇ ಭಾಷಾ ಅಲ್ಪಸಂಖ್ಯಾತರು.

ಮಂಗೋಲಿಯ ದೇಶದ ಪಶ್ಚಿಮದ ತುದಿಯಲ್ಲಿ, ರಷ್ಯಾ ಮತ್ತು ಚೀನಾಗಳ ಗಡಿಗೆ ತಾಗಿಕೊಂಡು ಬಯಾನ್-ಉಲ್ಗಿ ಎಂಬ ಪ್ರಾಂತವಿದೆ. ಆಲ್ತಾಯ್ ಪರ್ವತಗಳ ಸೀಮೆ ಅದು. ಅಲ್ಲಿನ ಅತ್ಯುನ್ನತ ಶಿಖರದ ಎತ್ತರ 4,374 ಮೀಟರು. ಚಳಿಗಾಲದಲ್ಲಿ ಉಷ್ಣಮಾನವು ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿಳಿಯುವುದು ಅಲ್ಲಿ ಅಪರೂಪವಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಜಕ್ ಜನ ತಮ್ಮ ಕುರಿ, ಕುದುರೆ, ಒಂಟೆಗಳೊಡನೆ ಪರ್ವತ ದಾಟಿ ಬಂದು ಇಲ್ಲಿ ನೆಲೆಸಿದರು. 1940ರಲ್ಲಿ ಇದು ಪ್ರತ್ಯೇಕ ಪ್ರಾಂತವಾಯಿತು. ಪ್ರಾಂತದೊಳಗೆ ಅವರೇ ಬಹುಸಂಖ್ಯಾತರಾದರೂ ಇಡೀ ದೇಶದಲ್ಲಿ ನೂರಕ್ಕೆ ಸುಮಾರು ನಾಲ್ವರು ಮಾತ್ರ. ಭಾಷೆ ಬೇರೆ, ಮತ ಬೇರೆ. ರಾಜಧಾನಿಯೋ ಬಲು ದೂರ.

ಬೇಟೆಯ ಕ್ರಮ

ಈ ಬೇಟೆಗಾರನಿಗೆ ಅವರ ಭಾಷೆಯಲ್ಲಿ 'ಬುರ್ಕಿತ್ಶಿ' ಎಂದು ಹೆಸರು. 'ಬುರ್ಕಿತ್' ಎಂದರೆ ಗೋಲ್ಡನ್ ಈಗಲ್ ಎಂಬ ಜಾತಿಯ ಹದ್ದು. ರೆಕ್ಕೆ ಬಿಚ್ಚಿದರೆ ಆರೂವರೆ ಅಡಿಗೂ ಮಿಕ್ಕಿ ಅಗಲವಾಗುವ ಹಕ್ಕಿ. ಬೇಟೆಗೆ ಹೆಣ್ಣು ಹಕ್ಕಿಯನ್ನೇ ಆರಿಸುತ್ತಾರೆ. ಗಂಡಿಗಿಂತ ಹೆಣ್ಣು ದೊಡ್ಡದು, ಬಲದಲ್ಲೂ ಹೆಚ್ಚು. ಗೂಡಿನಿಂದ ಮರಿಯನ್ನು ತಂದೋ, ಎಳೆಯ ಹಕ್ಕಿಯನ್ನು ಬಲೆಯಲ್ಲಿ ಹಿಡಿದೋ ಪಳಗಿಸುತ್ತಾರೆ. ಮೊದಲು ಕೈಯಿಂದಲೇ ಮಾಂಸ ತಿನ್ನಿಸಿ ತನ್ನ ದನಿಯ ಗುರುತು ಹತ್ತಿಸಬೇಕು. ಆಮೇಲೆ ನರಿಯ ತೊಗಲನ್ನು ಹಗ್ಗಕ್ಕೆ ಕಟ್ಟಿ ಕುದುರೆಯ ಹಿಂದೆ ಎಳೆಸಿ, ಅದರ ಮೇಲೆ ಎರಗುವುದನ್ನು ಕಲಿಸಬೇಕು.

ಹಿಮವೇ ಏಕೆ ಬೇಕು? ನರಿಯ ತುಪ್ಪಳ ದಟ್ಟವಾಗುವುದು ಚಳಿಗಾಲದಲ್ಲಿ. ಹಿಮದ ಮೇಲೆ ಹೆಜ್ಜೆಗುರುತು ಕಾಣುತ್ತದೆ. ಬಿಳಿಯ ನೆಲದಲ್ಲಿ ಕೆಂಪು ನರಿ ಅಡಗಲಾರದು. ಬೇಟೆಗೆ ಕೆಲವು ದಿನ ಮುಂಚೆ ಹದ್ದಿಗೆ ನೀರಿನಲ್ಲಿ ನೆನೆಸಿ ರಕ್ತ ತೆಗೆದ ಮಾಂಸವನ್ನು ಕೊಡುತ್ತಾರೆ. ಹೊಟ್ಟೆ ತುಂಬಿದ ಹದ್ದು ಬೇಟೆಯಾಡದು, ಹಸಿದು ಸೊರಗಿದ ಹದ್ದು ಹಾರಲಾರದು. ಈ ಹದವನ್ನು ತಿಳಿಯುವುದೇ ಬುರ್ಕಿತ್ಶಿಯ ವಿದ್ಯೆ.

ಬೆಳಗ್ಗೆ ಕುದುರೆಯೇರಿ ಗುಡ್ಡದ ನೆತ್ತಿಗೆ ಹೋಗುತ್ತಾರೆ. ಹದ್ದಿನ ಕಣ್ಣಿಗೆ 'ತೊಮಗ' ಎಂಬ ತೊಗಲಿನ ಟೊಪ್ಪಿ. ಆರು ಕಿಲೋ ತೂಗುವ ಹಕ್ಕಿಯನ್ನು ದಿನವಿಡೀ ಹೊತ್ತರೆ ತೋಳು ಸೋಲುತ್ತದೆಯಷ್ಟೆ? ಅದಕ್ಕಾಗಿ ಜೀನಿಗೆ ಊರಿದ ಕವಲುಕೋಲೊಂದರ ಮೇಲೆ ಕೈಯನ್ನು ಇರಿಸಿಕೊಳ್ಳುತ್ತಾರೆ. ಜೊತೆಗಾರ ಕೆಳಗಿನ ಕಣಿವೆಯಲ್ಲಿ ಸದ್ದುಮಾಡಿ ನರಿಯನ್ನು ಎಬ್ಬಿಸುತ್ತಾನೆ. ಟೊಪ್ಪಿ ತೆಗೆದ ಕ್ಷಣವೇ ಹದ್ದು ನರಿಯನ್ನು ಗುರುತಿಸಿ ಕೆಳಗೆ ಎರಗುತ್ತದೆ. ಬೇಟೆಗಾರ ಇಳಿಜಾರಿನಲ್ಲಿ ಕುದುರೆ ಓಡಿಸಿಕೊಂಡು ಹೋಗಿ ತಲಪುವಷ್ಟರಲ್ಲಿ ಅದು ನರಿಯನ್ನು ಅದುಮಿ ಹಿಡಿದಿರುತ್ತದೆ. ಎಷ್ಟೋ ದಿನ ಬರಿಗೈಯಲ್ಲಿ ಮರಳುವುದೂ ಉಂಟು. ಸಿಕ್ಕಿದ ತುಪ್ಪಳ ಅವರ ಟೊಪ್ಪಿಗೆಗೂ ಮೇಲಂಗಿಗೂ ಆಗುತ್ತದೆ.

ನಮಗೆ ಬಹಳ ಮೆಚ್ಚಿಗೆಯಾದ ಸಂಗತಿಯೊಂದಿದೆ. ಹದ್ದನ್ನು ಅವರು ಸಾಯುವತನಕ ಇಟ್ಟುಕೊಳ್ಳುವುದಿಲ್ಲ. ಕೆಲವು ವರ್ಷಗಳ ಸೇವೆಯ ಬಳಿಕ ಮನೆಯಿಂದ ದೂರದ ಬೆಟ್ಟಕ್ಕೆ ಒಯ್ದು, ತಿನ್ನಲು ಮಾಂಸವಿಟ್ಟು ಬಿಟ್ಟುಬಿಡುತ್ತಾರೆ. ಅದು ಮರಿಮಾಡಿ ಸಂತಾನ ಬೆಳೆಸಬೇಕೆಂಬುದು ಹಿರಿಯರ ಕಟ್ಟಳೆ.

ಉಳಿದದ್ದು ಎಲ್ಲಿ?

ಕಜಕ್ ಜನರ ತಾಯ್ನಾಡು ಕಜಕಸ್ತಾನ. ಅಲ್ಲಿ 1930ರ ದಶಕದ ಬಲವಂತದ ಸಾಮೂಹಿಕ ಬೇಸಾಯ ಮತ್ತು ಘೋರ ಕ್ಷಾಮದಿಂದ ಅಲೆಮಾರಿ ಬದುಕು ಮುರಿದುಬಿತ್ತು. ಹದ್ದಿನ ಬೇಟೆಯೂ ಬಹುಮಟ್ಟಿಗೆ ಅಳಿಯಿತು. ಪಟ್ಟಣಗಳಲ್ಲಿ ರಷ್ಯನ್ ಭಾಷೆ ಮೇಲಾಯಿತು. ಪರದೇಶದ ಮೂಲೆಯಲ್ಲಿ ಮಂದೆ ಮೇಯಿಸಿಕೊಂಡಿದ್ದ ಈ ಅಲ್ಪಸಂಖ್ಯಾತರಲ್ಲಿ ಮಾತ್ರ ಭಾಷೆಯೂ ವಿದ್ಯೆಯೂ ಜೊತೆಯಾಗಿ ಉಳಿದುವು. 1991ರಲ್ಲಿ ಕಜಕಸ್ತಾನ ಸ್ವತಂತ್ರವಾದಾಗ ಸಾವಿರಾರು ಕುಟುಂಬಗಳು ಅತ್ತ ವಲಸೆಹೋದುವು. ಹೋದವರಲ್ಲಿ ಕೆಲವರು ಮರಳಿ ಬಂದರು. 1999ರಿಂದ ಉಲ್ಗಿಯಲ್ಲಿ ಹದ್ದಿನ ಉತ್ಸವ ನಡೆಯತೊಡಗಿತು. 2014ರಲ್ಲಿ ಐಶೋಲ್ಪಾನ್ ಎಂಬ ಹದಿಮೂರರ ಬಾಲಿಕೆ, ತಂದೆಯಿಂದ ಕಲಿತ ವಿದ್ಯೆಯಿಂದ ಅಲ್ಲಿ ಗೆದ್ದು ಲೋಕಪ್ರಸಿದ್ಧಳಾದಳು.

ಉತ್ಸವದಿಂದ ಪ್ರವಾಸಿಗರು ಬಂದರು, ನಾಲ್ಕು ಕಾಸೂ ಬಂತು. ಆದರೆ ಪ್ರದರ್ಶನಕ್ಕಾಗಿ ಹದ್ದು ಸಾಕುವುದಕ್ಕೂ ಹಿಮದಲ್ಲಿ ಅದರೊಡನೆ ದಿನಗಳೆಯುವುದಕ್ಕೂ ಅಂತರವಿದೆ. ಕಜಕ್ ಭಾಷೆಯಲ್ಲಿ ಹದ್ದಿನ ಒಂದೊಂದು ವಯಸ್ಸಿಗೂ ಒಂದೊಂದು ಹೆಸರುಂಟು. ಅಂಥ ಮಾತುಗಳು ಪಾಠಪುಸ್ತಕದಿಂದ ಬರುವಂಥವಲ್ಲ. ತಂದೆಯ ಕುದುರೆಯ ಹಿಂದೆ ಹೋದ ಮಕ್ಕಳ ಬಾಯಿಗೆ ಬರುವಂಥವು.

ಹಕ್ಕಿಯ ಬೇಟೆ ಕನ್ನಡನಾಡಿಗೂ ಅಪರಿಚಿತವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಡೇಗೆಯ ಬೇಟೆಯ ವಿವರಗಳಿವೆ. ಈಗ ಆ ವಿದ್ಯೆ ನಮ್ಮಲ್ಲಿ ಗ್ರಂಥದಲ್ಲಿದೆ, ಕೈಯಲ್ಲಿಲ್ಲ.

1956ರ ನವೆಂಬರ್ 1ರಿಂದ ಇತ್ತ ನಾವು ಶಾಲೆಗಾಗಿ, ಅರ್ಜಿಯ ನಮೂನೆಗಾಗಿ, ಬೋರ್ಡಿನ ಮೇಲಿನ ಅಕ್ಷರಕ್ಕಾಗಿ ಕೇಳುತ್ತಲೇ ಬಂದಿದ್ದೇವೆ. ಕೇಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತೋಟದ ಕಣಿ, ಸೋಗೆ, ಹಾಳೆ, ಅಡಿಕೆ ಸುಲಿಯುವ ಮೆಟ್ಟುಕತ್ತಿ, ಇವುಗಳ ನಡುವಿನ ಕನ್ನಡವನ್ನು ಯಾವ ಸರಕಾರವೂ ಕೊಡಲಾರದು, ತರಗತಿಯಲ್ಲಿ ನಾವು ಅಧ್ಯಾಪಕರೂ ಕೊಡಲಾರೆವು. ಅದು ಮನೆಯ ಹಿರಿಯರ ಕೈಯಲ್ಲಿದೆ. ಬರುವ ರಜೆಯಲ್ಲಿ ಮಕ್ಕಳನ್ನು ಅಜ್ಜನ ಹಿಂದೆ ಒಂದು ದಿನ ತೋಟಕ್ಕೆ ಕಳುಹಿಸಬಾರದೇಕೆ?